ಗಂಟೆಗೆ ತಕ್ಕ ತೋಟಾ

ನಮ್ಮೂರಲ್ಲಿ ಮದುವೆ ಗೊತ್ತಾದರೆ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ ‘ಮಂಜು ಬಿಟ್ಟರೆ’ ಅಂತ ಒಂದು ಸಾಲು ಹಾಕಿಸುತ್ತಾರೆ. ಬೀಗರು ಆಚೆ ದಡದವರಾದರೆ ಆ ಸಾಲು ದಪ್ಪ ಅಕ್ಷರದಲ್ಲಿರುತ್ತದೆ. ಊರಿನ ಮುಂದೆ ಒಂದು ಕಣಿವೆ, ಕಣಿವೆಯ ತುಂಬ ಹಾಲು ಉಕ್ಕಿ ನಿಂತ ಹಾಗೆ ಮಂಜು. ಬೇಸಿಗೆ ಮಳೆಗಾಲ ಅಂತಿಲ್ಲ, ಅದು ಅಲ್ಲೇ ಇರುತ್ತದೆ. ಅದರ ನಡುವೆ ಒಂಟಿ ಬಂಡೆಯೊಂದು ತಲೆ ಎತ್ತಿದೆ. ಬಂಡೆಯ ನೆತ್ತಿಯಿಂದ ಚಾಚಿದ ಕಬ್ಬಿಣದ ತೋಳಿನಲ್ಲಿ ಕಂಚಿನ ಗಂಟೆ ತೂಗುತ್ತದೆ. ಗಂಟೆ ಕೂಗಿದರೆ ಮಂಜು ಎರಡು ಪಾಲಾಗಿ ಸರಿದು ದಾರಿ ಬಿಡುತ್ತದೆ. ದನ ಮನೆಗೆ ತಿರುಗುವ ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಗಂಟೆ ಕೂಗದೆ ಮಂಜಿನೊಳಗೆ ಇಳಿದವರಿಗೆ ಕೇಡೇನೂ ಆಗುವುದಿಲ್ಲ. ನಡೆದೂ ನಡೆದೂ ಇಳಿದ ಕಡೆಯಲ್ಲೇ ಮೇಲೆ ಬರುತ್ತಾರೆ, ಚಪ್ಪಲಿ ಒದ್ದೆ ಮಾಡಿಕೊಂಡು. “ಏನಪ್ಪಾ, ಬೀಗರ ಮನೇಲಿ ಊಟ ಆಯ್ತಾ?” ಅಂತ ಕಟ್ಟೆಯ ಮೇಲೆ ಕೂತವರು ನಗುತ್ತಾರೆ.

ಬಂಡೆಯನ್ನು ಹತ್ತೋಣವೆಂದರೆ ಅದು ಮೊಟ್ಟೆಯ ಹಾಗೆ ನುಣುಪು. ಹಗ್ಗ ಕಟ್ಟಿ ಎಳೆಯುವ ಉಪಾಯವನ್ನೂ ಹಿಂದಿನವರು ಮಾಡಿದ್ದರಂತೆ. ಮಂಜಿಗೆ ಹಗ್ಗ ಮೆತ್ತಗಾಗಿ ಬೆಂದ ಶಾವಿಗೆಯಂತೆ ತುಂಡಾಯಿತಂತೆ. ಉಳಿದದ್ದು ಕೋವಿ. ಊರಂಚಿನ ಕಲ್ಲಿನ ಜಗಲಿಯ ಮೇಲೆ ಬೋರಲು ಮಲಗಿ, ಕಿಲೋಮೀಟರಿಗೂ ಆಚೆಯಿರುವ ಗಂಟೆಗೆ ಗುಂಡು ಹೊಡೆಯಬೇಕು. ಬರಿಗಣ್ಣಿಗೆ ಗಂಟೆ ಕಡಲೆಕಾಳಿನಷ್ಟು ಕಾಣುತ್ತದೆ. ಹೊಡೆಯುವವರಿಗೆ ನಮ್ಮಲ್ಲಿ ‘ಗಂಟೆಯವರು’ ಅನ್ನುತ್ತಾರೆ.

ನನ್ನ ಸೋದರತ್ತೆ ದುಗ್ಗಮ್ಮ ತಾರುಣ್ಯದಿಂದಲೂ ಗಂಟೆಯವಳು. ನಾನು ಪಕ್ಕದಲ್ಲಿ ಕೂತು ದುರ್ಬೀನು ಹಿಡಿದು ಗಾಳಿ ಎತ್ತ ಬೀಸುತ್ತಿದೆ, ಗುಂಡು ಎಲ್ಲಿ ಬಿತ್ತು ಅಂತ ಹೇಳುತ್ತಿದ್ದೆ. ಅತ್ತೆಯ ಕಣ್ಣಿನ ಬೆಳಕು ಪೂರ್ತಿ ಹೋದ ಮೇಲೆ ಕೋವಿ ನನ್ನ ಹೆಗಲಿಗೆ ಬಂತು. ನಾನು ಹಾಲಮ್ಮ, ಹಿಟ್ಟಿನ ಗಿರಣಿಯವಳು. ಬೆಳಿಗ್ಗೆ ಗಂಟೆ ಹೊಡೆದು, ಕೈ ತೊಳೆದು, ಗಿರಣಿಯ ಬಾಗಿಲು ತೆಗೆಯುವುದು ನನ್ನ ದಿನಚರಿ. ಗಂಟೆಯವರು ಆಚೆ ದಡಕ್ಕೆ ಹೋಗುವ ಹಾಗಿಲ್ಲ. ಹೋದಾಗ ಮಂಜು ಮುಚ್ಚಿಕೊಂಡರೆ ಹೊಡೆಯುವವರು ಯಾರು? ಹೀಗಾಗಿ ಊರಿನವರನ್ನೆಲ್ಲ ದಾಟಿಸಿದ ಅತ್ತೆ ತಾನು ಒಮ್ಮೆಯೂ ದಾಟಿದವಳಲ್ಲ. ಅದಕ್ಕಾಗಿ ಅವಳು ಕೊರಗಿದ್ದನ್ನು ನಾನು ಕಂಡಿಲ್ಲ. ಬಾವಿಕಟ್ಟೆಯ ಕಲ್ಲು ನೀರು ಕುಡಿಯಲಿಲ್ಲ ಅಂತ ಯಾರು ಅಳುತ್ತಾರೆ?

ನಮ್ಮ ಹಳೆಯ ಕೋವಿ ಭಾರದ್ದು, ದಪ್ಪ ಗುಂಡಿನದು. ಹೊಡೆದರೆ ಹೆಂಚು ಅದುರುತ್ತಿತ್ತು, ಮಲಗಿದ ಕೂಸು ಎದ್ದು ಕೂರುತ್ತಿತ್ತು. ಹೋದ ವರ್ಷದ ಶಿವರಾತ್ರಿ ಕಳೆದ ಮೇಲೆ ಅದು ಮಾತು ಕೇಳುವುದನ್ನು ಬಿಟ್ಟಿತು. ಗುಂಡನ್ನು ತಿರುಗಿಸಿ ನೇರ ಕಳಿಸುವ ನಳಿಗೆಯೊಳಗಿನ ತಿರುಪು ಸವೆದು, ಗುಂಡು ಒಮ್ಮೆ ಬಂಡೆಯ ಎಡಕ್ಕೆ, ಒಮ್ಮೆ ಆಕಾಶಕ್ಕೆ ಹೋಯಿತೆಂದು ಹಿಂದೆ ನಿಂತವರು ಹೇಳತೊಡಗಿದರು. ದಿನಾ ಬೆಳಿಗ್ಗೆ ಹೊಡೆದೆ. ಗಂಟೆಗೆ ತಾಗಲೇ ಇಲ್ಲ. ಮಂಜು ಮುಚ್ಚಿಕೊಂಡು ಹತ್ತಿರ ಹತ್ತಿರ ತಿಂಗಳಾಯಿತು. ಅಂಗಡಿಗಳಲ್ಲಿ ಎಣ್ಣೆ ಮುಗಿಯಿತು, ಬೆಲ್ಲ ಮುಗಿಯಿತು. ಆಚೆಗೆ ಹೋದವರು ಆಚೆಗೇ ಉಳಿದರು. ಫೋನು ಹಚ್ಚಿದರೆ ಮಂಜು ಉಸಿರಾಡುವ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಪಾತ್ರೆ ಅಂಗಡಿಯ ಪಾಲಾಕ್ಷಪ್ಪನವರು ಊರಿನ ಯಜಮಾನರು. ಅವರ ಹೆಂಡತಿ ಸರ್ವಮಂಗಳಮ್ಮ ಪಿತ್ತಕೋಶದ ಆಪರೇಷನ್ನಿಗೆಂದು ಆಚೆ ಹೋಗಿದ್ದರು. ಮಾರನೆಯ ದಿನ ಇವರು ಹೊರಡಬೇಕು ಅನ್ನುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತ್ತು. ಆಪರೇಷನ್ ಆಯಿತೋ ಇಲ್ಲವೋ, ಆಕೆ ಹೇಗಿದ್ದಾರೋ ಒಂದೂ ತಿಳಿಯದು. ಆ ಮನುಷ್ಯ ಅಂಗಡಿಯಲ್ಲಿ ಕೂತು ಒರೆಸಿದ ತಂಬಿಗೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಕೊನೆಗೆ ಅವರೇ ಊರವರನ್ನು ಕರೆಸಿದರು. ಮೌನೇಶಾಚಾರಿಯ ಕೈಲಿ ಹೊಸ ಕೋವಿ ಮಾಡಿಸುವುದು ಅಂತ ತೀರ್ಮಾನವಾಯಿತು.

“ದೊಡ್ಡದೇ ಮಾಡಪ್ಪ,” ಅಂದರು ಪಾಲಾಕ್ಷಪ್ಪನವರು. “ನಿನ್ನ ಕೈಲಾಗೋ ಅತೀ ದೊಡ್ಡದು. ಒಂದೇ ಏಟಿಗೆ ಗಂಟೆ ಕೂಗಬೇಕು.”

ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಬಲಗೈಯನ್ನು ಮಾತ್ರ ಸೆರಗಿನೊಳಗೇ ಇಟ್ಟುಕೊಂಡಿದ್ದೆ, ಯಾಕೆಂದರೆ ಅದನ್ನು ಎತ್ತಿದರೆ ಹೆಗಲು ಸಿಡಿಯುತ್ತಿತ್ತು. ತಿಂಗಳ ಹೊಡೆತಕ್ಕೆ ಅಲ್ಲಿ ನೇರಳೆ ಹಣ್ಣಿನ ಬಣ್ಣ ಬಂದಿತ್ತು.

ಮಾರನೆಯ ದಿನ ಅತ್ತೆಯನ್ನು ಕರೆದುಕೊಂಡು ಆಚಾರಿಯ ಕುಲುಮೆಗೆ ಹೋದೆ. ಮೌನೇಶಾಚಾರಿ ಹೆಸರಿಗೆ ಮಾತ್ರ ಮೌನೇಶ. ಲೇತು ತಿರುಗುತ್ತಿದ್ದರೂ ಅದರ ಸದ್ದಿನ ಮೇಲೆ ಮಾತಾಡುವ ಆಳು. ಅಟ್ಟದಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಉದ್ದನೆಯ ನಳಿಗೆಯೊಂದನ್ನು ಇಳಿಸಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. “ಇದಕ್ಕೆ ತಕ್ಕ ಕೆಲಸ ಯಾವಾಗ ಬರುತ್ತೋ ಅಂತ ಕಾಯ್ತಾ ಇದ್ದೆ ಹಾಲಕ್ಕ. ನೋಡು, ಬಂತು,” ಅಂದ. ಆಮೇಲೆ ಮಣೆಯ ಮೇಲೆ ಗುಂಡು ಮದ್ದು ತುಂಬುವ ಮೂರು ಖಾಲಿ ತೋಟಾ ನಿಲ್ಲಿಸಿದ. ಒಂದು ಹೆಬ್ಬೆರಳಿಗಿಂತ ದಪ್ಪ, ಒಂದು ತೋರುಬೆರಳಿನಷ್ಟು, ಇನ್ನೊಂದು ಕಿರುಬೆರಳಿಗೆ ತುಸು ಮೇಲು.

“ಮೊದಲು ತೋಟಾ, ಆಮೇಲೆ ಕೋವಿ,” ಅಂದ. “ಕಾಲು ನೋಡಿ ಚಪ್ಪಲಿ ಹೊಲೀತಾರೆ. ಚಪ್ಪಲಿ ನೋಡಿ ಕಾಲು ಕೊಯ್ಕೊಳ್ಳೋದಿಲ್ಲ. ಇವನು ದೊಡ್ಡವನು, ಗುಂಡಿನ ದಪ್ಪ ಅಂಗುಲದ ಸಾವಿರದಲ್ಲಿ ಮುನ್ನೂರ ಮೂವತ್ತೆಂಟು ಪಾಲು. ಗುಂಡು ಭಾರ, ಗಾಳಿ ಇವನನ್ನ ಅಷ್ಟು ಸುಲಭಕ್ಕೆ ತಳ್ಳಲ್ಲ. ಗಂಟೆಗೆ ತಾಗಿದ ಅಂದರೆ ಊರೆಲ್ಲ ಕೇಳಬೇಕು. ಇವನು ನಡುವಿನವನು, ಮುನ್ನೂರು. ಸಿಟ್ಟಿನವನು, ಬೇಗ ಹೋಗ್ತಾನೆ, ನಳಿಗೆಯನ್ನೂ ಬೇಗ ತಿಂದುಹಾಕ್ತಾನೆ. ಇವನು ಸಣ್ಣವನು, ಆರೂವರೆ ಮಿಲಿಮೀಟರ್. ಗುಂಡು ತೆಳ್ಳಗೆ, ಉದ್ದ. ಮೀನು ನೀರಲ್ಲಿ ಹೋದ ಹಾಗೆ ಗಾಳಿಯೊಳಗೆ ನುಸುಳ್ತಾನೆ. ಹೆಗಲಿಗೆ ಕರು ಮೂತಿ ತಿಕ್ಕಿದಷ್ಟೇ ಏಟು. ಆದರೆ ಅಷ್ಟು ದೂರ ಮುಟ್ಟೋ ಹೊತ್ತಿಗೆ ಮೈಯಲ್ಲಿ ಎಷ್ಟು ಕಸುವು ಉಳಿದಿರುತ್ತೋ ನನಗೆ ಗೊತ್ತಿಲ್ಲ. ತಾಗಿಯೂ ಗಂಟೆ ಕೂಗದಿದ್ದರೆ?”

“ಹಾಗಾದರೆ ದೊಡ್ಡವನೇ,” ಅಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

ಆಚಾರಿ ನನ್ನ ಮುಖ ನೋಡಿದ. “ಇರಲಿ, ನಿನ್ನ ಕೈ ಅಳತೆ ತಗೋಬೇಕು. ಹಳೇ ಕೋವಿ ತಂದಿದೀಯಲ್ಲ, ಹಿತ್ತಲಲ್ಲಿ ನಾಲ್ಕು ಈಡು ಹೊಡಿ. ನಾನೇ ತುಂಬಿ ಕೊಡ್ತೀನಿ. ನೀನು ಹೇಗೆ ಮಲಗ್ತೀಯ, ಕೆನ್ನೆ ಎಲ್ಲಿ ಇಡ್ತೀಯ ಅಂತ ನೋಡಬೇಕು.”

ಹಿತ್ತಲ ಗುಡ್ಡದ ಇಳಿಜಾರಿನಲ್ಲಿ ಒಡೆದ ಮಡಕೆಯೊಂದನ್ನು ಇಟ್ಟ. ನಾನು ಗೋಣಿತಾಟಿನ ಮೇಲೆ ಮಲಗಿದೆ. ಅತ್ತೆ ಬೇವಿನ ಮರದ ಕೆಳಗೆ ಕೂತಳು. ಆಚಾರಿ ನನಗೆ ಬೆನ್ನು ಮಾಡಿ ತೋಟಾ ತುಂಬಿ ಕೊಟ್ಟ, ಹೊಡೆದೆ. ಮತ್ತೆ ಕೊಟ್ಟ, ಹೊಡೆದೆ. ಹೆಗಲಿನಿಂದ ನೋವು ಹಲ್ಲಿನವರೆಗೂ ಹತ್ತಿತು. ಮೂರನೆಯದಕ್ಕೆ ಕೋವಿಯ ಕುದುರೆ ಎಳೆದಾಗ ‘ಟಿಕ್’ ಅಂದಿತು, ಅಷ್ಟೆ. ಒಳಗೆ ಮದ್ದೇ ಇರಲಿಲ್ಲ, ಅವನು ಬೇಕೆಂದೇ ಖಾಲಿ ತೋಟಾ ಹಾಕಿದ್ದ. ಏಟು ಇಲ್ಲದ ಆ ಕೋವಿಯ ಮೂತಿ, ಕೋಳಿ ಕಾಳು ಹೆಕ್ಕಿದ ಹಾಗೆ, ನೆಲಕ್ಕೆ ಕುಕ್ಕಿತು. ಕುಕ್ಕಿಸಿದ್ದು ನಾನು. ಆಗ ತಿಳಿಯಿತು, ಕುದುರೆ ಎಳೆಯುವ ಮೊದಲೇ ನಾನು ಕಣ್ಣು ಮುಚ್ಚಿ ಹೆಗಲು ಕುಗ್ಗಿಸುತ್ತಿದ್ದೆ. ತಿಂಗಳಿನಿಂದ ಗಂಟೆಗೆ ತಾಗದೆ ಹೋದದ್ದಕ್ಕೆ ನಳಿಗೆ ಅರ್ಧ ಕಾರಣ, ನಾನು ಇನ್ನರ್ಧ.

ಎದ್ದು ಕೂತೆ. ಆಚಾರಿ ಏನೂ ಅನ್ನಲಿಲ್ಲ. ಅವನು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಖಾಲೀದು ಹಾಕಿದ್ಯಾ?” ಅಂತ ಅತ್ತೆ ಬೇವಿನ ಮರದ ಕೆಳಗಿನಿಂದ ಕೇಳಿದಳು. “ಏನಾಯ್ತು? ಮೂತಿ ಕುಕ್ಕಿತಾ?”

“ಹೂಂ ಅತ್ತೆ,” ಅಂದೆ. “ನನಗೆ ಭಯ ಅತ್ತೆ. ಆ ಏಟಿಗೆ ಭಯ.”

ಅವಳು ನಕ್ಕುಬಿಟ್ಟಳು. “ಬಾ ಇಲ್ಲಿ,” ಅಂದು ನನ್ನ ಕೈ ಹಿಡಿದು ತನ್ನ ಕುಪ್ಪಸದ ಅಂಚಿನೊಳಗೆ ಹೆಗಲ ಮೇಲೆ ಇರಿಸಿಕೊಂಡಳು. ಅಲ್ಲಿ ಮೂಳೆಯ ಮೇಲೆ ಒಂದು ಗಂಟಿತ್ತು, ಎತ್ತಿನ ಹೆಗಲಿಗೆ ನೊಗ ಒತ್ತಿ ಆದಂಥದು. “ನಾನೂ ಹಾಗೇ ಕಣೇ. ಮದುವೆಯಾದ ವರ್ಷದಿಂದ ಕಣ್ಣು ಮುಚ್ಚಿಕೊಂಡೇ ಹೊಡೆದದ್ದು. ಗುಂಡು ತಪ್ಪಿದಾಗೆಲ್ಲ ಊರವರು ಗಾಳಿ ಅಂದರು. ನಾನೂ ಗಾಳಿ ಅಂದೆ. ಹೆಂಗಸಿನ ಕೈಗೆ ಯಾಕೆ ಕೊಟ್ಟಿರಿ ಅಂತ ಕೇಳಿಬಿಡ್ತಾರಲ್ಲ, ಅದಕ್ಕೆ ಬಾಯಿ ಬಿಡಲಿಲ್ಲ.”

ಪಕ್ಕದಲ್ಲಿ ಕೂತು ಅಷ್ಟು ವರ್ಷ ಗಾಳಿ ಹೇಳಿದವಳು ನಾನು. ನನ್ನ ಕಣ್ಣು ಯಾವಾಗಲೂ ಗಂಟೆಯ ಮೇಲೆ ಇರುತ್ತಿತ್ತು, ಅವಳ ಮುಖದ ಮೇಲೆ ಅಲ್ಲ.

ಆಚಾರಿ ಎದ್ದು ಒಳಗೆ ಹೋದ. ಬಾಗಿಲಲ್ಲಿ ನಿಂತು ನೋಡಿದೆ. ಆ ಉದ್ದನೆಯ ನಳಿಗೆಯನ್ನು ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತುತ್ತಿದ್ದ, ನಿಧಾನವಾಗಿ, ಮಡಿಕೆ ಮಡಿಕೆಯಾಗಿ. ಸುತ್ತಿ ಅಟ್ಟದ ಮೇಲೆ ಇಟ್ಟು, ಏಣಿಯಿಂದ ಇಳಿದು, ಮಣೆಯ ಮೇಲಿದ್ದ ದೊಡ್ಡ ತೋಟಾ ಮತ್ತು ನಡುವಿನದನ್ನು ಡಬ್ಬಿಗೆ ಹಾಕಿದ. ಸಣ್ಣದೊಂದೇ ಉಳಿಯಿತು.

“ಆಚಾರ್ರೇ, ಅದು ನಿಮ್ಮ ಆಸೆಯ ಕೋವಿ,” ಅಂದೆ.

“ಆಸೆಯ ಕೋವಿ ಗೋಡೆಗೆ ತೂಗುಹಾಕೋಕೆ ಚೆಂದ,” ಅಂದ. “ಊರು ದಾಟಬೇಕಾದ್ದು ನಿನ್ನ ಹೆಗಲ ಮೇಲೆ. ಗಂಟೆಗೆ ಅಂತ ಅಳತೆ ತಗೊಳ್ತಾ ಇದ್ದೆ, ಅಲ್ಲೇ ನಾನು ಎಡವಿದ್ದು. ಅಳತೆ ತಗೋಬೇಕಾದ ಕಾಲು ನಿನ್ನದು, ಗಂಟೇದಲ್ಲ.”

ಈಗಲೂ ಆ ಮಾತು ನೆನೆಸಿಕೊಂಡರೆ ನನಗೆ ಅವನ ಕುಲುಮೆಯ ದಿಕ್ಕಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಪಾಲಾಕ್ಷಪ್ಪನವರಿಗೆ ಹೇಳಬೇಕಿತ್ತು. “ನಾನು ಹೇಳ್ತೀನಿ, ದೊಡ್ಡ ಗುಂಡು ಬಿದ್ದರೆ ಗಂಟೆ ಒಡೆದೀತು ಅಂತ ಹೇಳಿದರಾಯ್ತು, ಸುಳ್ಳೂ ಅಲ್ಲ,” ಅಂದ ಆಚಾರಿ. ನನ್ನ ಮಾನ ಉಳಿಸುವುದಕ್ಕೆ ಅವನು ಹಾಗಂದದ್ದು. ಬೇಡ ಅಂದೆ. ಗಾಳಿಯ ಮೇಲೆ ಹಾಕಿ ಅತ್ತೆ ಅಷ್ಟು ವರ್ಷ ತಿಂದ ಏಟು ಸಾಕಿತ್ತು.

ಪಾತ್ರೆ ಅಂಗಡಿಯಲ್ಲಿ ಹೇಳಿದೆ. ಪಾಲಾಕ್ಷಪ್ಪನವರು ತಂಬಿಗೆ ಕೆಳಗಿಟ್ಟರು.

“ನಿನಗೆ ಆಗದಿದ್ದರೆ ಬೇರೆಯವರು ಹೊಡೀಲಿ ತಂಗಿ. ಕಲ್ಲೇಶಿ ಇದಾನೆ, ಹೋರಿಯಂಥ ಆಳು.”

“ಕಲ್ಲೇಶಿಗೆ ಹೆಗಲಿದೆ ಯಜಮಾನ್ರೇ, ಗುರಿ ಇಲ್ಲ,” ಅಂದ ಆಚಾರಿ. “ಗಂಟೆ ಇರಲಿ, ಅಷ್ಟು ದೊಡ್ಡ ಬಂಡೆಗೇ ಅವನ ಗುಂಡು ತಾಗಿಲ್ಲ ಇನ್ನೂ.”

“ಈ ಸಣ್ಣದರಲ್ಲಿ ಗಂಟೆ ಕೂಗದೆ ಹೋದರೆ?” ಅಂದರು ಅವರು. “ಅವಳು ಅಲ್ಲಿ ಬದುಕಿದಾಳೋ ಇಲ್ಲವೋ ನನಗೆ ಗೊತ್ತಿಲ್ಲ ಆಚಾರಿ. ಊಟಕ್ಕೆ ಕೂತರೆ ತುತ್ತು ಇಳಿಯಲ್ಲ. ನೀವಿಬ್ಬರೂ ಕಿರುಬೆರಳು ತೋರಿಸ್ತಾ ಇದೀರಿ ನನಗೆ.”

ಅವರ ಭಯವೂ ನನ್ನ ಭಯದಷ್ಟೇ ನಿಜ. “ಕಣ್ಣು ಮುಚ್ಚಿಕೊಂಡು ದೊಡ್ಡದು ಹೊಡೆಯೋದಕ್ಕಿಂತ ಕಣ್ಣು ಬಿಟ್ಟು ಸಣ್ಣದು ಹೊಡೀತೀನಿ ಅಣ್ಣ,” ಅಂದೆ. “ಸಣ್ಣದರಲ್ಲಿ ಆಗದಿದ್ದರೆ ಆ ದೊಡ್ಡ ನಳಿಗೆ ಅಟ್ಟದ ಮೇಲೆ ಇದ್ದೇ ಇದೆ. ಹೆಗಲು ಮುರಿದರೂ ಹೊಡೀತೀನಿ.”

ಅವರು ಎದ್ದು ಒಳಗಿನಿಂದ ಒಂದು ತಾಮ್ರದ ಹಂಡೆ ತಂದು ಆಚಾರಿಯ ಮುಂದಿಟ್ಟರು. “ಗುಂಡಿಗೆ ತಾಮ್ರ ಬೇಕು ಅಂದಿದ್ದೆಯಲ್ಲ. ಶುದ್ಧದ್ದು, ತಗೋ.” ಅಷ್ಟೇ ಅಂದು ಬೇರೆ ಕಡೆ ತಿರುಗಿಕೊಂಡರು. ಅದು ಅವರ ಮನೆಯ ಬಚ್ಚಲಿನ ಹಂಡೆ, ತಳದಲ್ಲಿ ಇನ್ನೂ ಮಸಿ ಇತ್ತು.

ಆಚಾರಿ ಅನ್ನ ನೀರು ಬಿಟ್ಟು ಕೆಲಸಕ್ಕೆ ನಿಂತ. ಸಣ್ಣ ತೋಟಾಕ್ಕೆ ತಕ್ಕ ನಳಿಗೆಯೊಂದು ಅವನ ಹತ್ತಿರ ಇತ್ತು, ಅದಕ್ಕೆ ಮಿಕ್ಕದ್ದೆಲ್ಲವನ್ನೂ ಹೊಂದಿಸಿದ. ಹೊನ್ನೆ ಮರದ ಹಿಡಿ ಕೆತ್ತುವಾಗ ನನ್ನನ್ನು ಕರೆಸಿ, ಹಸಿ ಮಣ್ಣಿನ ಮೇಲೆ ಕೆನ್ನೆ ಇಡಿಸಿ ಅಚ್ಚು ತೆಗೆದ. ಕಣ್ಣು ಮುಚ್ಚಿಸಿ ಕೋವಿ ಎತ್ತಿಸಿ, ಕಣ್ಣು ತೆಗೆದಾಗ ಕೋವಿಯ ಮೇಲೆ ಕೂರಿಸಿದ ದುರ್ಬೀನಿನ ನಡುವೆಯೇ ನೋಟ ಬೀಳುವವರೆಗೆ ಹಿಡಿಯನ್ನು ಕೆರೆದ, ಮತ್ತೆ ಕೆರೆದ. ಹಂಡೆ ಕರಗಿ ಕಂಬಿಯಾಯಿತು, ಕಂಬಿ ಲೇತಿನಲ್ಲಿ ತಿರುಗಿ ತೆಳ್ಳನೆಯ ಗುಂಡುಗಳಾದವು. ಹಿತ್ತಲಲ್ಲಿ ಮೊದಲ ಈಡು ಹೊಡೆದ ದಿನ ನಾನು ಹಲ್ಲು ಕಚ್ಚಿ ಮಲಗಿದ್ದೆ. ಹೆಗಲಿಗೆ ಯಾರೋ ಅಂಗೈ ಒತ್ತಿ ತೆಗೆದಂತಾಯಿತು. ಮತ್ತೆ ಹೊಡೆದೆ. ಆಚಾರಿ ನಡುವೆ ಒಮ್ಮೆ ಖಾಲಿ ತೋಟಾ ಹಾಕಿ ಕೊಟ್ಟ. ‘ಟಿಕ್’ ಅಂದಿತು. ಮೂತಿ ಕದಲಲಿಲ್ಲ. ಅವನು ಕುಣಿಯುವುದೊಂದು ಬಾಕಿ.

ಗಂಟೆಗೆ ಹೊಡೆಯುವ ಬೆಳಿಗ್ಗೆ ಊರೆಲ್ಲ ಕಲ್ಲಿನ ಜಗಲಿಯ ಹಿಂದೆ ಸೇರಿತ್ತು. ಕೆಲವರು ಬುತ್ತಿ ಕಟ್ಟಿಕೊಂಡು ದಾಟುವುದಕ್ಕೇ ಸಿದ್ಧವಾಗಿ ಬಂದಿದ್ದರು. ಅತ್ತೆ ನನ್ನ ಪಕ್ಕದಲ್ಲಿ ಕೂತಳು. ಗಾಳಿ ಕೆನ್ನೆಗೆ ತಾಗುವುದರಲ್ಲೇ ಅವಳು ಅದರ ದಿಕ್ಕು ಹೇಳುತ್ತಾಳೆ. “ಎಡದಿಂದ, ಮೆಲ್ಲಗೆ,” ಅಂದಳು. ಉಸಿರು ಅರ್ಧ ಬಿಟ್ಟು ಹೊಡೆದೆ.

ಹೊಡೆದವಳು ನಾನೇ ನೋಡಿದೆ, ಬಂಡೆಯ ಬಲ ಮಗ್ಗುಲಲ್ಲಿ ಕಲ್ಲಿನ ಪುಡಿ ಹಾರಿತು. ನನ್ನ ಗುಂಡು ಎಲ್ಲಿ ಬೀಳುತ್ತದೆಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಹಳೆಯ ಕೋವಿಯಲ್ಲಿ ಹೊಡೆದ ಕೂಡಲೇ ಲೋಕವೆಲ್ಲ ಮೇಲಕ್ಕೆ ಹಾರುತ್ತಿತ್ತು. ಈಗ ಲೋಕ ಇದ್ದಲ್ಲೇ ಇತ್ತು, ಕಣ್ಣು ತೆರೆದೇ ಇತ್ತು. ಗುಂಡು ತಪ್ಪಿದೆ ಅನ್ನುವುದನ್ನೂ ಮರೆತು ಒಂದು ಗಳಿಗೆ ಸುಮ್ಮನೆ ಖುಷಿಪಟ್ಟೆ.

“ತಪ್ಪಿತು,” ಅಂತ ಹಿಂದಿನಿಂದ ಯಾರೋ ಅಂದರು.

“ಗಾಳಿ ನಾನು ಅಂದದ್ದಕ್ಕಿಂತ ಜೋರಿದೆ,” ಅಂದಳು ಅತ್ತೆ. “ಈ ಸಲ ನಿಜವಾಗಿಯೂ ಗಾಳಿಯೇ.” ನನಗೆ ನಗು ಬಂತು.

ಗುರಿಯನ್ನು ತುಸು ಎಡಕ್ಕೆ ಸರಿಸಿ ಮತ್ತೆ ಹೊಡೆದೆ. ಗಂಟೆಯ ಮೈ ನಡುವೆ ಒಂದು ಚುಕ್ಕಿ ಮಿನುಗಿತು. ತಾಗಿತ್ತು! ಎಲ್ಲರೂ ಕಿವಿಗೊಟ್ಟು ನಿಂತರು. ದೂರದಿಂದ ಸದ್ದು ಬಂತು, ಸ್ಟೀಲಿನ ಮುಚ್ಚಳಕ್ಕೆ ಚಮಚ ತಗುಲಿದ ಹಾಗೆ, ‘ಟಣ್’ ಕೂಡ ಅಲ್ಲ, ‘ಟಕ್’. ಮಂಜು ಹಾಲಿನ ಕೆನೆಯಂತೆ ಒಮ್ಮೆ ನಡುಗಿತು, ಮತ್ತೆ ಹಾಗೇ ನಿಂತಿತು. ದಾರಿ ಬಿಡಲಿಲ್ಲ.

ಪಾಲಾಕ್ಷಪ್ಪನವರು ನೆಲದ ಮೇಲೆ ಕೂತುಬಿಟ್ಟರು. ಬುತ್ತಿ ತಂದವರು ಗಂಟುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಚಾರಿ ಮುಖ ಒಣಗಿಸಿಕೊಂಡು, “ಅಟ್ಟದ ಮೇಲಿಂದ ಅದನ್ನೇ ಇಳಿಸ್ತೀನಿ ಹಾಲಕ್ಕ,” ಅಂದ. ಕೋವಿಯ ಮೇಲೆ ನನ್ನ ಕೆನ್ನೆ ಇನ್ನೂ ಹಾಗೇ ಇತ್ತು. ಆ ಮರದಲ್ಲಿ ನನ್ನದೇ ಮುಖದ ಅಚ್ಚು ಇತ್ತಲ್ಲ, ತೆಗೆಯಲು ಮನಸ್ಸಾಗಲಿಲ್ಲ.

ಆಗ ಪಾಲಾಕ್ಷಪ್ಪನವರು ಕೂತಲ್ಲಿಂದಲೇ ಕೇಳಿದರು. “ಎಲ್ಲಿಗೆ ತಾಗಿಸಿದೆ ತಂಗಿ?”

“ನಡುಮಧ್ಯಕ್ಕೆ ಅಣ್ಣ. ಹೊಟ್ಟೆಗೆ.”

“ಹೊಟ್ಟೆಗೆ ಯಾಕೆ ಹೊಡೆದೆ?” ಅವರು ಎದ್ದು ನಿಂತರು. “ಅಂಗಡಿಗೆ ಬಂದವರು ಕೊಡ ಕೊಳ್ಳೋವಾಗ ಹೊಟ್ಟೆ ಬಡಿದು ನೋಡ್ತಾರಾ? ಬಾಯಿಯ ಅಂಚಿಗೆ ಬೆರಳು ಮಡಿಸಿ ಬಡೀತಾರೆ. ಅಲ್ಲಿ ತಾನೆ ಕಂಚು ಹಾಡೋದು. ಅಂಚಿಗೆ ಹೊಡಿಯೋಕಾಗುತ್ತಾ ನಿನಗೆ?”

ಹಾಗೆ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹಳೆಯ ಕೋವಿಯಲ್ಲಿ ಗಂಟೆಗೆ ತಾಗಿದರೆ ಸಾಕಿತ್ತು, ಎಲ್ಲಿಗೆ ಅನ್ನುವ ಮಾತೇ ಇರಲಿಲ್ಲ. ದುರ್ಬೀನಿನಲ್ಲಿ ನೋಡಿದೆ. ಗಂಟೆಯ ಬಾಯಿಯ ಅಂಚು ಗೇಣಗಲದ ಪಟ್ಟಿ, ಇಲ್ಲಿಂದ ನೋಡಿದರೆ ಒಂದು ಗೆರೆ. ಹಿಂದಿನೆರಡೂ ಗುಂಡುಗಳು ಎಲ್ಲಿ ಬಿದ್ದವೆಂದು ನಾನು ಕಂಡಿದ್ದೆ. ಈ ಕೋವಿ ಸುಳ್ಳು ಹೇಳುತ್ತಿರಲಿಲ್ಲ.

“ಆಗುತ್ತೆ ಅಣ್ಣ,” ಅಂದೆ.

ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಗಾಳಿ ನಿಲ್ಲುವವರೆಗೆ ಕಾಯಿಸಿ, ಕೈ ತೆಗೆದಳು. ಹೊಡೆದೆ. ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ಗಂಟೆಯ ಅಂಚಿನಲ್ಲಿ ಕಿಡಿಯೊಂದು ಹೊಳೆಯಿತು, ಗಂಟೆ ತುಸು ವಾಲಿತು. ಆಮೇಲೆ ಸದ್ದು ಬಂತು. ನಾನು ಹುಟ್ಟಿದಾಗಿನಿಂದ ಆ ಗಂಟೆ ಕೇಳಿದವಳು. ಇಷ್ಟು ನೀಳವಾಗಿ, ಇಷ್ಟು ಹೊತ್ತು ಅದು ಕೂಗಿದ್ದನ್ನು ಕೇಳಿರಲಿಲ್ಲ. ದನಿ ಕಣಿವೆಯ ಈ ಗೋಡೆಗೆ ತಾಗಿ ಆ ಗೋಡೆಗೆ ಹೋಯಿತು, ಅಲ್ಲಿಂದ ತಿರುಗಿ ಬಂತು. ಮಂಜು ಎರಡು ಕೈಯಲ್ಲಿ ಪರದೆ ಸರಿಸಿದ ಹಾಗೆ ತೆರೆದುಕೊಂಡಿತು. ಕೆಳಗೆ ದಾರಿ, ಒದ್ದೆಯಾಗಿ, ತೊಳೆದಿಟ್ಟಂತೆ.

ಜನ ಕೂಗಿಕೊಂಡು ಇಳಿದರು. ಪಾಲಾಕ್ಷಪ್ಪನವರು ಮಾತ್ರ ಇಳಿಯಲಿಲ್ಲ. ದಾರಿಯತ್ತಲೇ ನೋಡುತ್ತ ನನ್ನ ಜಗಲಿಯ ಕಲ್ಲು ಹಿಡಿದುಕೊಂಡು ನಿಂತರು. ಆಚೆಯಿಂದ ಜನ ಬರತೊಡಗಿದರು. ಎಣ್ಣೆ ಡಬ್ಬಿ ಹೊತ್ತವರು, ತವರಿಗೆ ಹೋಗಿ ಸಿಕ್ಕಿಕೊಂಡವರು, ಹೇಸರಗತ್ತೆಯ ಮೇಲೆ ಬೆಲ್ಲದ ಮೂಟೆ. ಎಲ್ಲರ ಹಿಂದೆ ತಮ್ಮನ ಮಗಳ ಹೆಗಲು ಹಿಡಿದು, ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ ಸರ್ವಮಂಗಳಮ್ಮ ಬಂದರು. ಸೊರಗಿದ್ದರು, ಸೀರೆ ಸಡಿಲವಾಗಿತ್ತು. ಮೇಲೆ ಬಂದವರೇ ಗಂಡನನ್ನು ನೋಡಿ, “ಇಷ್ಟು ದಿನ ಏನು ಮಾಡ್ತಾ ಇದ್ರಿ ನೀವೆಲ್ಲ?” ಅಂತ ಗದರಿದರು. ಪಾಲಾಕ್ಷಪ್ಪನವರು ಆಕೆಯ ಕೈಯಿಂದ ಚೀಲ ಇಸಿದುಕೊಂಡು, ಅದನ್ನೇ ಎದೆಗೆ ಒತ್ತಿ ಹಿಡಿದು ಅತ್ತರು. “ಬಚ್ಚಲ ಹಂಡೆ ಹೋಯ್ತು ಕಣೇ,” ಅಂದರು ಕೊನೆಗೆ. ಆಕೆಗೆ ಅರ್ಥವಾಗಲಿಲ್ಲ. ನಾವು ಮಾತ್ರ ಅತ್ತು ನಕ್ಕೆವು.

ಕಥೆ ಇಲ್ಲಿಗೇ ಮುಗಿದಿದ್ದರೂ ನಾನು ಋಣಿಯಾಗಿಯೇ ಇರುತ್ತಿದ್ದೆ. ಆದರೆ ಸಣ್ಣ ತೋಟಾ ಇನ್ನೊಂದು ಉಪಕಾರ ಮಾಡಿತು, ಅದನ್ನು ನಾವು ಯಾರೂ ಎಣಿಸಿರಲಿಲ್ಲ. ಒದೆಯದ ಕೋವಿಯನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. ಮೊದಲು ಬಂದವಳು ಟೈಲರ್ ಜುಬೇದಾ. ಹಿಟ್ಟು ಬೀಸಿಸಲು ಬಂದವಳು, “ಒಮ್ಮೆ ನನಗೂ ತೋರಿಸು ಹಾಲಕ್ಕ,” ಅಂದಳು. ಗುಂಡಿಕಾಜ ಹೊಲಿಯುವ ಕೈ, ನಡುಕ ಅನ್ನುವುದೇ ಇಲ್ಲ. ದೀಪಾವಳಿಯ ಹೊತ್ತಿಗೆ ಅವಳು ನನ್ನಷ್ಟೇ ಚೆನ್ನಾಗಿ ಅಂಚಿಗೆ ಹೊಡೆಯುತ್ತಿದ್ದಳು. ಆಮೇಲೆ ಕಲ್ಲೇಶಿಯೂ ಕಲಿತ. ಅಷ್ಟು ದೊಡ್ಡ ಆಳು ಆ ಸಣ್ಣ ಕೋವಿಯ ಹಿಂದೆ ಹಸುಗೂಸಿನಂತೆ ಮಲಗುವುದನ್ನು ನೋಡಬೇಕು.

ಒಂದು ದಿನ ಜುಬೇದಾ ನನ್ನನ್ನು ಕೇಳಿದಳು, “ಅಕ್ಕಾ, ನಾವಿದೀವಲ್ಲ. ದುಗ್ಗತ್ತೇನ ಒಮ್ಮೆ ಆಚೆ ಕರಕೊಂಡು ಹೋಗಬಾರದಾ?”

ನನಗೆ ಹೊಳೆದೇ ಇರಲಿಲ್ಲ. ಅತ್ತೆಗೆ ಹೇಳಿದಾಗ ಅವಳು ಮೊದಲು, “ಹೋಗಿ ಏನು ನೋಡಲಿ, ಕಣ್ಣಿಲ್ಲ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಯಾವ ಸೀರೆ ಉಡಲಿ?” ಅಂದಳು.

ಜುಬೇದಾ ಗಂಟೆ ಹೊಡೆದಳು, ನಾವು ಇಳಿದೆವು. ದಾರಿಯುದ್ದಕ್ಕೂ ಅತ್ತೆ ಮಂಜಿನ ಗೋಡೆಗೆ ಕೈ ತಾಗಿಸಿಕೊಂಡೇ ನಡೆದಳು, ಒಗೆದ ಬಟ್ಟೆ ಮುಟ್ಟಿದ ಹಾಗಿದೆ ಅಂದಳು. ಆಚೆ ಊರಿನಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ಉಳಿದೆವು. ಅತ್ತೆ ಬಸ್ಸಿನ ಮೈ ಸವರಿ ನೋಡಿದಳು, ಕಬ್ಬಿನ ಹಾಲು ಕುಡಿದಳು, ಮಾರ್ಕೆಟ್ಟಿನ ಗದ್ದಲದ ನಡುವೆ ನಿಂತು ಯಾರು ಯಾವ ತರಕಾರಿ ಕೂಗುತ್ತಿದ್ದಾರೆ ಅಂತ ಹೇಳಿ ಹೇಳಿ ನಕ್ಕಳು. ಅವಳನ್ನು ಹೆಂಗಸೊಬ್ಬಳು ತಳ್ಳಿಕೊಂಡು ಹೋದಾಗಲೂ ಸಿಟ್ಟಾಗಲಿಲ್ಲ. “ಇಲ್ಲಿ ನಾನು ಯಾರಂತ ಒಬ್ಬರಿಗೂ ಗೊತ್ತಿಲ್ಲ ಅಲ್ವಾ?” ಅಂದಳು, ಏನೋ ಸಿಕ್ಕಿದವಳ ಹಾಗೆ.

ಹಿಂತಿರುಗುವ ಬೆಳಿಗ್ಗೆ ಆಚೆ ದಡಕ್ಕೆ ಬಂದು ನಿಂತೆವು. ನಮ್ಮೂರಿಗೆ ದಾಟುವವರು ಅಲ್ಲಿ ಗುಂಪಾಗಿ ಕಾಯುತ್ತಿದ್ದರು. ಬಳೆಗಾರ, ಮೀನಿನ ಬುಟ್ಟಿಯವಳು, ಹೊಸ ಮದುಮಕ್ಕಳು. ಈ ದಡದಿಂದ ಗಂಟೆ ಕಾಣುವುದೇ ಇಲ್ಲ, ಮಂಜೊಂದೇ. ಹಾಗೆ ಏನೂ ಕಾಣದೆ, ಯಾರೋ ತೆರೆಯಲಿ ಅಂತ ಕಾಯುವುದು ನಮಗಿಬ್ಬರಿಗೂ ಹೊಸದು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ಗಂಟೆ ಕೂಗಿತು. ಕೋವಿಯ ಸದ್ದು ಇಲ್ಲಿಯವರೆಗೆ ಬರಲಿಲ್ಲ, ಗಂಟೆಯ ದನಿ ಮಾತ್ರ ಮಂಜಿನೊಳಗಿಂದ ಬಂತು. ಸುತ್ತ ನಿಂತವರೆಲ್ಲ ಏನೋ ಗುನುಗಿದರು. ಬಳೆಗಾರನ ತುಟಿ ಆಡಿತು, ಮದುಮಗಳ ತುಟಿಯೂ ಆಡಿತು. ಮೀನಿನ ಬುಟ್ಟಿಯವಳು ಬುಟ್ಟಿ ಎತ್ತಿಕೊಳ್ಳುತ್ತ, “ಹೊಡೆದ ಕೈ ತಣ್ಣಗಿರಲಿ,” ಅಂದಳು.

“ಏನಂದೆ ತಾಯಿ?” ಅಂತ ಅತ್ತೆ ಅವಳ ಕಡೆ ತಿರುಗಿದಳು.

“ಗಂಟೆ ಹೊಡೆದೋರಿಗೆ ಅಂದದ್ದು ಅಜ್ಜಿ. ಈ ಕಡೆ ಎಲ್ಲರೂ ಅಂತೀವಿ. ಯಾರೋ ಏನೋ, ನಾವು ನೋಡಿಲ್ಲ. ನಮ್ಮವ್ವನೂ ಅಂತಿದ್ದಳು, ನಮ್ಮಜ್ಜಿನೂ ಅಂತಿದ್ದಳು. ಯಾಕೆ, ನಿಮ್ಮ ಕಡೆ ಅನ್ನೋದಿಲ್ವಾ?”

ನಮ್ಮ ಕಡೆ ಅನ್ನುವುದಿಲ್ಲ. ನಮ್ಮ ಕಡೆ ದಾರಿ ಬಿಟ್ಟ ಕೂಡಲೇ ಇಳಿದು ಓಡುತ್ತಾರೆ. ನೀರು ಕುಡಿದೆ ಅಂತ ಯಾರೂ ವರದಿ ಮಾಡದ ಹಾಗೆ, ಆಚೆಯಿಂದ ಬಂದವರೂ ಇದನ್ನು ನಮಗೆ ಹೇಳಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಈ ಸಲ ಗಂಟೆಯನ್ನಲ್ಲ, ಅವಳ ಮುಖವನ್ನೇ ನೋಡಿದೆ. ಅಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಅವಳು ಕಣ್ಣು ಮುಚ್ಚಿ ಏಟು ತಿನ್ನುತ್ತಿದ್ದಾಗ, ಮಂಜಿನ ಈ ಕಡೆ ಹೆಸರು ತಿಳಿಯದ ಜನ ಅವಳ ಕೈಯನ್ನು ಹರಸುತ್ತ ನಿಂತಿದ್ದರು. ತಾನು ಯಾರೆಂದು ಅವಳು ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ, ಕೈ ಅದುಮಿ ತಡೆದಳು.

ಮಂಜು ಸರಿಯತೊಡಗಿತ್ತು. ಮೀನಿನ ಬುಟ್ಟಿಯವಳು ಮುಂದೆ ಹೋದಳು. ಅತ್ತೆ ಹೋಗದೆ ಅಲ್ಲೇ ನಿಂತು, ದನಿ ಬಂದ ದಿಕ್ಕಿಗೆ ಮುಖ ಮಾಡಿ, ಎರಡೂ ಕೈ ಎತ್ತಿದಳು.

“ಹೊಡೆದ ಕೈ ತಣ್ಣಗಿರಲಿ,” ಅಂದಳು ಜುಬೇದಾಳಿಗೆ.